ಹಡಗಿನ ಊಟ, ನಮ್ಮೂರ ಹುಡುಗ

ಭೈರವಾನಿತಿಪ್ಪದ ಕಡೆ ಕೂತು ಸಮುದ್ರದ ಹಡಗಿನ ಊಟದ ಬಗ್ಗೆ ಬರೆಯುತ್ತಿದ್ದೇವೆಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನಮ್ಮ ಮಕ್ಕಳಿಗೆ ಸಮುದ್ರವೆಂದರೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಬಿ.ಟಿ.ಪಿ. ಡ್ಯಾಮು. ಅದೂ ವರ್ಷವೆಲ್ಲ ಇರುವ ಸಮುದ್ರವಲ್ಲ. ಮೇಲೆ ಹಿರಿಯೂರಿನ ಮಾರಿಕಣಿವೆ ತುಂಬಿ ಚೆಲ್ಲಿದರೆ ನಮಗೆ ಹೊಳೆ. 1933ರ ನಂತರ ಆ ಮಾರಿಕಣಿವೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಮಕ್ಕಳನ್ನು ಕರೆದುಕೊಂಡು ಹೋಗಿ ಡ್ಯಾಮಿನ ನೀರು ತೋರಿಸಿಕೊಂಡು ಬಂದಿದ್ದೆವು. ಇಂಥ ನಮ್ಮ ಬಳಿಗೆ ಒಂದು ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಬಂದು, ಕೈಯಲ್ಲಿದ್ದ ಫೋನನ್ನು ಮುಂದೆ ಹಿಡಿದು, "ಸಾರ್, ಯಾವ ಹಡಗಿನಾಗೆ ಊಟ ಚೆಂದ ಐತೆ, ಸ್ವಲ್ಪ ನೋಡಿ ಹೇಳ್ರಿ" ಎಂದರು.

ಹುಡುಗ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಒಂಬತ್ತು ತಿಂಗಳ ಕರಾರು ಮುಗಿಸಿ ಊರಿಗೆ ಬಂದಿದ್ದ. ಈಗ ಎರಡು ಕಡೆಯಿಂದ ಕರೆ ಬಂದಿದೆ, ಯಾವುದಕ್ಕೆ ಹೋಗಬೇಕು ಎಂಬ ಯೋಚನೆ. ಸಂಬಳದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ತಾಯಿಗೆ ಸಂಬಳದ ಚಿಂತೆಯೇ ಅಲ್ಲ. ಮಗ ಈ ಸಲ ಬಂದಾಗ ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತಂತೆ. ಕೇಳಿದರೆ "ಅಲ್ಲಿ ನೂರು ಥರದ ಊಟ ಐತೆ ಕಣವ್ವಾ" ಎನ್ನುತ್ತಾನೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕತ್ತಲಲ್ಲೇ ತಣ್ಣನೆಯ ಮುದ್ದೆಗೆ ಮೊಸರು ಹಾಕಿಕೊಂಡು ಉಣ್ಣುತ್ತಿದ್ದುದನ್ನು ಆಕೆ ನೋಡಿದ್ದಾರೆ. "ನೂರು ಥರದ ಊಟ ಉಂಡೋನು ಹಿಂಗ್ಯಾಕೆ ಉಣ್ತಾನೆ ಸಾರ್?" ಎಂದು ಕೇಳಿದರು.

ಈ ಪ್ರಶ್ನೆ ನಮಗೆ ಚುಚ್ಚಿತು. ಯಾಕೆಂದರೆ ಅವನನ್ನು ಆ ದಾರಿಗೆ ಹಚ್ಚಿದವರು ನಾವೇ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ. ಇಂಟರ್‌ಗೆ ಸೇರಿದರೆ ಅಲ್ಲಿ ತೆಲುಗು, ಇಲ್ಲವೇ ಇಂಗ್ಲಿಷು. ಮೊದಲ ವರ್ಷವೇ ಎರಡು ವಿಷಯ ಹೋಯಿತು, ಮನೆಯಲ್ಲಿ ಕೂತ. ನಮ್ಮ ಗಡಿ ಶಾಲೆಗಳಲ್ಲಿ ಪಾಠ ಮಾಡುವವರಿಗೆಲ್ಲ ಇಂಥ ಹುಡುಗರು ಗೊತ್ತು, ಹೆಚ್ಚು ಹೇಳಬೇಕಾಗಿಲ್ಲ. ಶಾಲೆಯ ಬಿಸಿಯೂಟದ ಸಾಲಿನಲ್ಲಿ ಚಿಕ್ಕವರಿಗೆ ಬಡಿಸುವ ಕೆಲಸವನ್ನು ಅವನು ಬಹಳ ಚೊಕ್ಕವಾಗಿ ಮಾಡುತ್ತಿದ್ದ. ಅದು ನೆನಪಾಗಿ, ಬಳ್ಳಾರಿಗೆ ಕರೆದುಕೊಂಡು ಹೋಗಿ ಹೋಟೆಲ್ ಕೆಲಸ ಕಲಿಸುವ ಕೋರ್ಸಿಗೆ ಸೇರಿಸಿದೆವು. ಅಲ್ಲಿಂದ ಬೆಂಗಳೂರು, ಅಲ್ಲಿಂದ ಮುಂಬೈ, ಅಲ್ಲಿಂದ ಸಮುದ್ರ.

ಹಾಗಾಗಿ ಎರಡು ಸಂಜೆ ಕೂತು ಹಡಗು ಕಂಪನಿಗಳ ಊಟದ ಪಟ್ಟಿಗಳನ್ನೆಲ್ಲ ನೋಡಿದೆವು. ಅರ್ಥವಾಗದ ಕಡೆ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆವು. ಮೇಷ್ಟ್ರು ವಿದ್ಯಾರ್ಥಿಯಾದ, ವಿದ್ಯಾರ್ಥಿ ಮೇಷ್ಟ್ರಾದ!

ಸಾಮಾನ್ಯವಾಗಿ ಎಲ್ಲ ದೊಡ್ಡ ಹಡಗಿನಲ್ಲೂ ಮೂರು ಬಗೆಯ ಊಟವಂತೆ. ಒಂದು ದೊಡ್ಡ ಊಟದ ಮನೆ, ಮೇಜಿನ ಮುಂದೆ ಕೂತರೆ ತಂದು ಬಡಿಸುತ್ತಾರೆ. ಎರಡನೆಯದು ಬಫೆ, ತಟ್ಟೆ ಹಿಡಿದು ಬೇಕಾದ್ದು ಬೇಕಾದಷ್ಟು ಹಾಕಿಕೊಳ್ಳುವುದು. ಇವೆರಡೂ ಟಿಕೆಟ್ಟಿನ ಹಣದಲ್ಲೇ ಸೇರಿರುತ್ತವೆ. ಮೂರನೆಯದು ಬೇರೆ ದುಡ್ಡು ಕೊಟ್ಟು ಹೋಗುವ ವಿಶೇಷ ಹೋಟೆಲುಗಳು. ಇದರೊಳಗೇ ಒಂದೊಂದು ಕಂಪನಿಯದು ಒಂದೊಂದು ದಾರಿ. ಹಿಂದೆ ಎಲ್ಲ ಕಡೆ ರಾತ್ರಿಯೂಟಕ್ಕೆ ಎರಡು ಪಂಕ್ತಿ ಇರುತ್ತಿದ್ದವು. ಸಂಜೆ ಆರರ ಸುಮಾರಿಗೆ ಒಂದು, ಎಂಟರ ಮೇಲೆ ಇನ್ನೊಂದು, ನಮ್ಮ ಮದುವೆ ಮನೆಯ ಹಾಗೆ. ನಾರ್ವೇಜಿಯನ್ ಕಂಪನಿಯವರು 2000ದಲ್ಲಿ ಅದನ್ನು ತೆಗೆದುಹಾಕಿ, ಯಾವಾಗ ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ಕೂಡಿ ಎಂದರು. ಡಿಸ್ನಿಯವರದು ಇನ್ನೂ ಚೆಂದ. 1998ರಲ್ಲಿ ಅವರ ಮೊದಲ ಹಡಗು ಹೊರಟಾಗಿನಿಂದಲೂ ದಿನಕ್ಕೊಂದು ಊಟದ ಮನೆಗೆ ಕಳಿಸುತ್ತಾರೆ, ಆದರೆ ಬಡಿಸುವವರು ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ಮೊದಲ ದಿನ ನಿಮ್ಮ ಮಗು ಟೊಮೆಟೊ ತಿನ್ನುವುದಿಲ್ಲ ಎಂದು ಗೊತ್ತಾದರೆ ಎರಡನೇ ದಿನ ಹೇಳಬೇಕಿಲ್ಲ. ನಮಗೆ ಬಹಳ ಮೆಚ್ಚಿಕೆಯಾದದ್ದು ಇದೇ. ಒಂದನೇ ತರಗತಿಯ ಮೇಷ್ಟ್ರು ಐದನೇ ತರಗತಿಯವರೆಗೂ ಮಕ್ಕಳ ಜೊತೆಗೇ ಹೋದಂತೆ.

ಕಾರ್ನಿವಲ್‌ನವರು ಸಾಮಾನ್ಯ ಅಮೆರಿಕನ್ನರ ಕಂಪನಿ, ಬರ್ಗರು ಪಿಜ್ಜಾ ಧಾರಾಳ, ಬೇರೆ ದುಡ್ಡಿಲ್ಲ. ಎಂ.ಎಸ್.ಸಿ. ಮತ್ತು ಕೋಸ್ಟಾ ಇಟಲಿ ಮೂಲದವು, ಅಲ್ಲಿ ಪಾಸ್ತಾದ್ದೇ ರಾಜ್ಯ. ರಾಯಲ್ ಕೆರಿಬಿಯನ್‌ನವರು 2024ರ ಜನವರಿಯಲ್ಲಿ ಬಿಟ್ಟ 'ಐಕಾನ್ ಆಫ್ ದ ಸೀಸ್' ಎಂಬ ಹಡಗಿನಲ್ಲಿ ತಿನ್ನುವ ಕುಡಿಯುವ ಜಾಗಗಳೇ ಇಪ್ಪತ್ತಕ್ಕಿಂತ ಹೆಚ್ಚು. ಪೂರ್ತಿ ತುಂಬಿದರೆ 7,600 ಜನ ಪ್ರಯಾಣಿಕರು, 2,350 ಜನ ಸಿಬ್ಬಂದಿ. ನಮ್ಮ ಕಡೆಯ ನಾಲ್ಕು ಹಳ್ಳಿಗಳನ್ನು ನೀರ ಮೇಲೆ ತೇಲಿಬಿಟ್ಟ ಹಾಗೆ!

ನಮಗೆ ಹಿಡಿಸದೇ ಹೋದದ್ದು ಕ್ಯುನಾರ್ಡ್ ಕಂಪನಿಯ ಪದ್ಧತಿ. ಅವರ 'ಕ್ವೀನ್ ಮೇರಿ 2' ಹಡಗಿನಲ್ಲಿ ನೀವು ಯಾವ ಕೋಣೆ ಹಿಡಿದಿದ್ದೀರೋ ಅದರ ಮೇಲೆ ನಿಮ್ಮ ಊಟದ ಮನೆ. ಸಾಧಾರಣ ಕೋಣೆಯವರಿಗೆ ಬ್ರಿಟಾನಿಯಾ, ಹೆಚ್ಚು ಕೊಟ್ಟವರಿಗೆ ಪ್ರಿನ್ಸೆಸ್ ಗ್ರಿಲ್, ಇನ್ನೂ ಹೆಚ್ಚು ಕೊಟ್ಟವರಿಗೆ ಕ್ವೀನ್ಸ್ ಗ್ರಿಲ್. ಇದಕ್ಕೆ ಕನ್ನಡದಲ್ಲಿ ಪಂಕ್ತಿಭೇದ ಎನ್ನುತ್ತಾರೆ ಎಂದು ಹುಡುಗನಿಗೆ ಹೇಳಿದೆವು. ಅವನು ನಕ್ಕು, "ಸಾರ್, ದುಡ್ಡಿಗೆ ಕೊಡ್ತಾರೆ, ಜಾತಿಗಲ್ಲ" ಎಂದ. ಅದೂ ಸರಿಯೇ ಅನ್ನಿ. ಆದರೂ ನಮಗೆ ಹಿಡಿಸಲಿಲ್ಲ.

ನಮ್ಮ ದೇಶದ್ದೇ ಒಂದು ಉಂಟು, ಕಾರ್ಡೇಲಿಯಾ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾಯಿತು. ಅದರ 'ಎಂಪ್ರೆಸ್' ಹಡಗು ಮೊದಲು ರಾಯಲ್ ಕೆರಿಬಿಯನ್‌ನವರದೇ ಆಗಿತ್ತು. ಅದರಲ್ಲಿ ಸಸ್ಯಾಹಾರ ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆಗಳಿಲ್ಲದ ಜೈನ ಊಟವೂ ಸಿಗುತ್ತದೆ. ಇದನ್ನು ತಾಯಿಗೆ ಹೇಳಿದಾಗ, "ಮುದ್ದೆ ಐತಾ?" ಎಂದು ಕೇಳಿದರು. ಪಟ್ಟಿಯಲ್ಲಿ ಮುದ್ದೆ ಎಲ್ಲೂ ಕಾಣಲಿಲ್ಲ.

ಇಷ್ಟು ಓದಿ ಹೇಳಿದ ಮೇಲೆ ಆಕೆ ಒಂದು ಮಾತು ಕೇಳಿದರು. "ಇದೆಲ್ಲ ಹತ್ತಿ ಕೂತೋರ ಊಟ ಅಲ್ವಾ ಸಾರ್? ನನ್ ಮಗ ಏನು ಉಣ್ತಾನೆ?"

ನಾವು ಎರಡು ಸಂಜೆ ಓದಿದ್ದು ಬೇರೆಯದೇ ಪುಸ್ತಕ! ಕೆಲಸಗಾರರ ಊಟ ಆ ಪಟ್ಟಿಗಳಲ್ಲಿ ಎಲ್ಲೂ ಇಲ್ಲ. ಅವರಿಗೆ ಕೆಳಗಡೆ ಬೇರೆ ಮೆಸ್ ಇರುತ್ತದೆ. ಸಾಮಾನ್ಯವಾಗಿ ಅಧಿಕಾರಿಗಳಿಗೆ ಒಂದು, ಮಧ್ಯದ ಸಿಬ್ಬಂದಿಗೆ ಒಂದು, ಉಳಿದವರಿಗೆ ಒಂದು. (ಪಂಕ್ತಿಭೇದದ ಮಾತು ಇಲ್ಲಿ ಮತ್ತೆ ಬಂತು. ಈ ಸಲ ಹುಡುಗ ನಗಲಿಲ್ಲ.) ಅನ್ನ ದಿನಾ ಇರುತ್ತದಂತೆ, ಯಾಕೆಂದರೆ ಕೆಲಸಗಾರರಲ್ಲಿ ಫಿಲಿಪೈನ್ಸಿನವರು, ಇಂಡೋನೇಷ್ಯಾದವರು, ನಮ್ಮವರು ಬಹಳ. ಬೇಳೆಯೂ ಇರುತ್ತದೆ. ಇದಕ್ಕೊಂದು ಕಾನೂನು ಇದೆ. 2006ರಲ್ಲಿ ಆದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ 2013ರ ಆಗಸ್ಟಿನಿಂದ ಜಾರಿಯಲ್ಲಿದೆ, ಭಾರತವೂ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಹಡಗಿನಲ್ಲಿ ದುಡಿಯುವವನಿಗೆ ಊಟ, ಕುಡಿಯುವ ನೀರು ಪುಕ್ಕಟೆಯಾಗಿ ಕೊಡಬೇಕು, ಅವನ ಧರ್ಮ ಮತ್ತು ಪದ್ಧತಿಯನ್ನೂ ಗಮನಿಸಬೇಕು. ಅವನು ಮೊದಲಿದ್ದ ಹಡಗಿನಲ್ಲಿ ಅದೆಲ್ಲ ಸರಿಯಾಗಿಯೇ ಇತ್ತಂತೆ, ಊಟದ ಮೇಲೆ ಅವನಿಗೆ ದೂರಿಲ್ಲ.

ಹಾಗಾದರೆ ಬಡವಾದದ್ದು ಯಾಕೆ? ತಾಯಿಯ ಮುಂದೆ ಹೇಳಲಿಲ್ಲ. ಸಂಜೆ ಡ್ಯಾಮಿನ ಕಟ್ಟೆಯ ಕಡೆ ನಡೆದುಕೊಂಡು ಹೋಗುವಾಗ ಹೇಳಿದ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ, ವಾರಕ್ಕೆ ಏಳೂ ದಿನ. ಊಟಕ್ಕೆ ಅರ್ಧ ಗಂಟೆ ಬಿಡುವು. ಅಡುಗೆಮನೆಯಿಂದ ಮೆಸ್‌ಗೆ ಹೋಗಿ, ಸಾಲು ನಿಂತು, ಉಂಡು, ಬಟ್ಟೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚುವುದೇ ಹಿತವೆನಿಸುತ್ತಿತ್ತಂತೆ. ಜೊತೆಗೆ ದಿನವೆಲ್ಲ ಬೆಣ್ಣೆ, ಮಾಂಸ, ಎಣ್ಣೆಯ ವಾಸನೆಯಲ್ಲಿ ನಿಂತವನಿಗೆ ಅನ್ನ ಕಂಡರೂ ಬೇಡ. ಇದು ನಮಗೆ ಹೊಸದಲ್ಲ. ನಮ್ಮ ಶಾಲೆಯ ಅಡುಗೆಯಕ್ಕ ಕೂಡ ಮಕ್ಕಳಿಗೆಲ್ಲ ಬಡಿಸಿ, "ವಾಸನೆಗೇ ಹೊಟ್ಟೆ ತುಂಬೈತೆ ಸಾರ್" ಎಂದು ಉಣ್ಣದೆ ಪಾತ್ರೆ ತೊಳೆಯಲು ಕೂತುಬಿಡುತ್ತಾರೆ.

ಇನ್ನೊಂದನ್ನೂ ಹೇಳಿದ. ಮೊದಲ ಕರಾರಿನಲ್ಲಿ ಅವನದು ತಟ್ಟೆ ತೊಳೆಯುವ ಕೆಲಸ. ಬಫೆಯಿಂದ ಬರುವ ತಟ್ಟೆಗಳಲ್ಲಿ ಮುಟ್ಟದೇ ಬಿಟ್ಟ ಮಾಂಸ, ಅರ್ಧ ತಿಂದ ಕೇಕು, ಒಂದು ಕಚ್ಚು ಕಚ್ಚಿದ ಹಣ್ಣು. ಎಲ್ಲವನ್ನೂ ಯಂತ್ರಕ್ಕೆ ಹಾಕಿ ನುಣ್ಣಗೆ ಮಾಡಬೇಕು. ಹಾಗೆ ಪುಡಿ ಮಾಡಿದ್ದನ್ನು ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ ದೂರದಲ್ಲಿ, ಪುಡಿ ಮಾಡದಿದ್ದರೆ 12 ಮೈಲಿ ದೂರದಲ್ಲಿ ಮಾತ್ರ ಸಮುದ್ರಕ್ಕೆ ಬಿಡಬಹುದು ಎಂಬುದು ನಿಯಮ. "ಮೊದಲ ವಾರ ಕೈ ಬರ್ತಿರ್ಲಿಲ್ಲ ಸಾರ್. ಸ್ಕೂಲ್ನಾಗೆ ನೀವು ತಟ್ಟೆನಾಗೆ ಒಂದು ಅಗುಳು ಬಿಟ್ರೆ ಬಯ್ತಿದ್ರಿ." ಏನು ಹೇಳಬೇಕೋ ನಮಗೆ ತಿಳಿಯಲಿಲ್ಲ. ಡ್ಯಾಮಿನ ಕಡೆ ನೋಡುತ್ತಾ ನಿಂತೆವು.

ಅಲ್ಲಿಗೆ ನಮ್ಮ ಪಟ್ಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಹಾಕಿದೆವು. ಎರಡು ಕಂಪನಿಗಳಲ್ಲಿ ಯಾರ ಮೆಸ್ ಎಷ್ಟು ಹೊತ್ತು ತೆರೆದಿರುತ್ತದೆ? ಕೆಲಸ ಮುಗಿದ ಮೇಲೆ ರಾತ್ರಿ ಏನಾದರೂ ಸಿಗುತ್ತದೆಯೇ? ಒಂದೇ ಸಮನೆ ಎಷ್ಟು ಗಂಟೆ ನಿದ್ದೆ? ಅದೇ ಒಪ್ಪಂದದಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ ವಿಶ್ರಾಂತಿ ಎಂದಿದೆ. ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು. ಅವನ ಪರಿಚಯದ ಹುಡುಗರು ಎರಡೂ ಕಡೆ ಇದ್ದರು, ಫೋನು ಮಾಡಿ ಕೇಳಿಸಿದೆವು. ಒಂದು ಹಡಗಿನಲ್ಲಿ ಕೆಲಸಗಾರರ ಮೆಸ್ ನಡುರಾತ್ರಿಯ ಮೇಲೂ ತೆರೆದಿರುತ್ತದೆ, ಅನ್ನ ಸಾರು ಇಟ್ಟಿರುತ್ತಾರೆ ಎಂದು ತಿಳಿಯಿತು.

ಇನ್ನೊಂದು ಕರೆ ತಂದಿದ್ದ ಏಜೆಂಟು "ಖರ್ಚಿಗೆ" ಎಂದು ಒಂದು ಲಕ್ಷ ಕೇಳಿದ್ದ. ತಾಯಿ ಅದಕ್ಕಾಗಿ ಕಡಲೆಕಾಯಿ ಮಾರಿದ ದುಡ್ಡನ್ನು ತೆಗೆದಿಟ್ಟಿದ್ದರು. ಈ ಸಾಲನ್ನು ಎಲ್ಲ ಪೋಷಕರೂ ಓದಬೇಕು. ಹಡಗಿನ ಕೆಲಸ ಕೊಡಿಸುವುದಕ್ಕೆ ಕೆಲಸಗಾರನಿಂದ ಕಮಿಷನ್ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ದೇಶದಲ್ಲಿ ಆ ಏಜೆಂಟನಿಗೆ ಡಿ.ಜಿ. ಶಿಪ್ಪಿಂಗ್ ಇಲಾಖೆಯ ಆರ್.ಪಿ.ಎಸ್.ಎಲ್. ಲೈಸೆನ್ಸು ಇರಬೇಕು. ನಂಬರು ಕೇಳಿ ಎಂದೆವು. ಹುಡುಗ ಕೇಳಿದ. ಆಮೇಲೆ ಆ ಏಜೆಂಟು ಫೋನೇ ಎತ್ತಲಿಲ್ಲ. ಹಾಗಾಗಿ ಆಯ್ಕೆ ಸುಲಭವಾಯಿತು. (ಸೇರಿದ ಕಂಪನಿಯ ಹೆಸರು ಬರೆಯುವುದಿಲ್ಲ, ಅದು ಅವನ ಹೊಟ್ಟೆಪಾಡು.)

ಹೊರಡುವ ಮುಂಚೆ ಶಾಲೆಗೆ ಕರೆಸಿ ಒಂಬತ್ತನೇ ತರಗತಿಯವರ ಮುಂದೆ ನಿಲ್ಲಿಸಿದೆವು. ನಮ್ಮ ಮಕ್ಕಳು ಊಟ ಹೋಲಿಸುವುದರಲ್ಲಿ ಪಳಗಿದವರು. ಗಡಿಯಾಚೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅತ್ತೆ ಮಾವನ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು. ನಮಗೆ ವಾರಕ್ಕೆ ಮೂರು ದಿನ ಚಿಕ್ಕಿ, ಐದು ಮೊಟ್ಟೆ. ನಮಗೆ 2023ರಲ್ಲಿ ರಾಗಿ ಜಾವ ಬಂದರೆ, ಅವರಿಗೆ 2024ರಲ್ಲಿ ರಾಗಿ ಮಾಲ್ಟು ಬಂತು. ಅದೇ ವರ್ಷ ಅವರಿಗೆ ಆರು ಮೊಟ್ಟೆಯಾಯಿತು. ಹಬ್ಬಕ್ಕೆ ಸೇರಿದಾಗ ಇದರ ಮೇಲೆ ಜಗಳವೇ ನಡೆಯುತ್ತದೆ! ಬೆಳಿಗ್ಗೆ ಉಣ್ಣದೇ ಬಂದು ಪ್ರಾರ್ಥನೆಯಲ್ಲಿ ತಲೆಸುತ್ತಿ ಕೂರುತ್ತಿದ್ದ ಮಕ್ಕಳಿಗೆ ಆ ಜಾವ ಎಷ್ಟು ಉಪಕಾರವಾಯಿತೆಂದು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬಿಸಿಯೂಟಕ್ಕೆ 2024ರಿಂದ ಡೊಕ್ಕಾ ಸೀತಮ್ಮನವರ ಹೆಸರು. ಗೋದಾವರಿ ದಾಟಿ ಬರುವ ದಾರಿಹೋಕರಿಗೆ ಹೊತ್ತು ಗೊತ್ತು ನೋಡದೆ ಉಣ್ಣಲಿಕ್ಕಿದ ತಾಯಿ, 1909ರಲ್ಲಿ ತೀರಿಕೊಂಡವರು. ಹೆಸರನ್ನು ಬೋರ್ಡಿನ ಮೇಲೆ ಬರೆಸುವಾಗ ಮಕ್ಕಳಿಗೆ ಅವರ ಕಥೆ ಹೇಳಿದ್ದೆವು.

ಒಬ್ಬಳು ಹುಡುಗಿ ಎದ್ದು, "ಅಣ್ಣಾ, ಹಡಗಿನಾಗೆ ಚಿಕ್ಕಿ ಕೊಡ್ತಾರಾ?" ಎಂದು ಕೇಳಿದಳು. ಚಾಕಲೇಟ್ ಬೇಕಾದಷ್ಟು ಇದೆ, ಚಿಕ್ಕಿ ಇಲ್ಲ ಎಂದ. ಹಾಗಾದರೆ ನಮ್ಮದೇ ಮೇಲು ಎಂದು ತರಗತಿ ತೀರ್ಮಾನ ಮಾಡಿತು.

ತಾಯಿ ಎರಡು ಸೇರು ರಾಗಿ ಹಿಟ್ಟು ಕಟ್ಟಿದ್ದರು. ಹಡಗಿನ ಅಡುಗೆಮನೆಯಲ್ಲಿ ಹೊರಗಿನ ಹಿಟ್ಟು ಬೇಯಿಸಲು ಬಿಡುವುದಿಲ್ಲವೆಂದು ಅವನು ಬಿಟ್ಟು ಹೋದ. ಕಡಲೆಬೀಜದ ಚಟ್ನಿಪುಡಿ ಮಾತ್ರ ಒಯ್ದ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಡಿ, ಏರ್‌ಪೋರ್ಟಿನೋರಿಗೆ ಕನ್ನಡ ಬರಲ್ಲ ಎಂದು ಆಕೆ ನಮ್ಮ ಕೈಗೆ ಕೊಟ್ಟರು. ಏನಿದೆ, ಯಾವಾಗ ಮಾಡಿದ್ದು, ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದುಕೊಟ್ಟೆವು. ಹನ್ನೆರಡು ದಿನದ ಮೇಲೆ ರಾತ್ರಿ ಹೊತ್ತು ಅವನ ಸಂದೇಶ ಬಂತು. "ಪುಡಿ ಒಳಗೆ ಬಂತು ಸಾರ್. ಮೆಸ್ ತೆಗೆದಿದೆ. ಅನ್ನಕ್ಕೆ ಹಾಕ್ಕೊಂಡು ಉಂಡೆ, ಅವ್ವಂಗೆ ಹೇಳ್ರಿ." ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲೇ ಅವರ ಮನೆ. ನಿಂತು ಹೇಳಿ ಹೋದೆವು.