ಖಳನಿಲ್ಲದ ಸಾವು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹವಿತ್ತು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ ವಾಪಸಾಗುತ್ತದೆಂದು ನಂಬಿಕೆ. ದೆವ್ವಕ್ಕೆ ಕನ್ನಡ ಬರುತ್ತಿತ್ತು, ಹೇಳಿದ ಮಾತು ಕೇಳುವ ಸೌಜನ್ಯವೂ ಇತ್ತು.

ಟೀವಿಯ ಕೊಲೆಗಾರನಿಗೆ ಆ ಸೌಜನ್ಯವಿಲ್ಲ. ನಮ್ಮ ಅತ್ತೆ ರಾತ್ರಿ ಊಟಕ್ಕೆ ಕೂತಾಗಲೇ ಬರುತ್ತಾನೆ. ಸಿಸಿಟಿವಿ ದೃಶ್ಯ, ಅದರ ಮೇಲೊಂದು ಕೆಂಪು ವೃತ್ತ, ಎದೆ ನಡುಗಿಸುವ ಸಂಗೀತ. ಎಲ್ಲೋ ನಡೆದ ಒಂದೇ ಕೊಲೆ ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ನಡೆಯುತ್ತದೆ. ಕೈ ತೊಳೆಯುವ ಹೊತ್ತಿಗೆ ಊರೆಲ್ಲ ಕೊಲೆಗಡುಕರೇ. “ಚಿಲಕ ಹಾಕಿದ್ಯೇನೇ?”

ಹೆಚ್ಚು ಟೀವಿ ನೋಡುವವರಿಗೆ ಲೋಕ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆಂದು ಅಮೆರಿಕದ ಸಂವಹನ ಸಂಶೋಧಕ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ವಾದಿಸಿದ್ದರು. ಅತ್ತೆಗೆ ಗರ್ಬ್ನರ್ ಬೇಡ, ಅಂಕಿ ಹೇಳೋಣವೆಂದು ಹೊರಟೆ: 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522, ಅದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491. ಮಾವ ಹೆಲ್ಮೆಟ್ ಇಲ್ಲದೆ ಹಾಲು ತರಲು ಹೋದರೆ ನಿಮಗೆ ಹೆದರಿಕೆಯಿಲ್ಲವಲ್ಲ?

“ಗುಂಡಿಗೆ ಬಿದ್ದು ಸತ್ತರೆ ಅದರಲ್ಲಿ ಕತೆ ಏನಿದೆಯೇ? ಯಾರು ಮಾಡಿದ, ಯಾಕೆ ಮಾಡಿದ ಅಂತ ಇರುತ್ತಾ?” ಅಂದರು.

ನನ್ನ ಅಂಕಿಗಳೆಲ್ಲ ಅಲ್ಲೇ ಮುಗ್ಗರಿಸಿದವು. ನಮಗೆ ಸಾವಿಗಿಂತ ಖಳನ ಮೇಲೇ ಕಣ್ಣು. ಆ ಖಳ ಅಪರಿಚಿತನಾಗಿದ್ದರೆ ಇನ್ನೂ ಅನುಕೂಲ. ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಸಂತ್ರಸ್ತೆಗೆ ಗೊತ್ತಿದ್ದವರೇ ಎಂದು ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಹೇಳುತ್ತದೆ. ಆದರೆ ಮನೆಯೊಳಗಿನವರಿಗೆ ಯಾವ ಚಿಲಕ ಹಾಕುವುದು?

2018ರಲ್ಲಿ ಟೀವಿಯ ಕೆಲಸವನ್ನು ವಾಟ್ಸಾಪ್ ವಹಿಸಿಕೊಂಡಿತು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ್ದ ಜಾಗೃತಿ ಚಿತ್ರದ ಕೊನೆ ಕತ್ತರಿಸಿ, ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂದು ಹಂಚಿದರು. ಕತೆ ಸಿದ್ಧವಿತ್ತು, ಖಳನ ಜಾಗ ಖಾಲಿಯಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಹೀಗೇ ಸತ್ತರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದರಿಂದ ಅನುಮಾನ ಶುರುವಾಗಿತ್ತು.

ಈಗ ನಮ್ಮ ಬೀದಿಗೆ ಹೊಸ ಪಾತ್ರೆ ವ್ಯಾಪಾರಿ ಬಂದರೆ ಯಾರೋ ಕಿಟಕಿಯಿಂದಲೇ ಫೋಟೊ ತೆಗೆದು ಬಡಾವಣೆಯ ಗ್ರೂಪಿಗೆ ಹಾಕುತ್ತಾರೆ: “ಇವನ್ಯಾರು?” ಇನ್ನೂರು ಜನರನ್ನು ಕೇಳುತ್ತಾರೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇರುವ ಅವನನ್ನು ಮಾತ್ರ ಕೇಳುವುದಿಲ್ಲ.