ಯಾವ ಭಾಷೆಗೆ ಮೊದಲ ಬಹುಮಾನ

ಕಳೆದ ತಿಂಗಳು ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪು ಕೊಡಲು ಹೋಗಿದ್ದೆ. 'ಅಳಿವಿನಂಚಿನ ಭಾಷೆಗಳಲ್ಲಿ ಮೊದಲು ಉಳಿಸಬೇಕಾದದ್ದು ಯಾವುದು?' ಎನ್ನುವುದು ವಿಷಯ. ಕ್ರಿಕೆಟ್ ತಂಡದ ಆಯ್ಕೆಯ ಹಾಗಿದೆಯಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಮಕ್ಕಳು ಮಾತ್ರ ಚೆನ್ನಾಗಿ ಓದಿಕೊಂಡು ಬಂದಿದ್ದರು.

ತುಳುವಿನ ಪರ ನಿಂತ ಹುಡುಗ ಕಾಲ್ಡ್‌ವೆಲ್‌ನಿಂದ ಶುರುಮಾಡಿದ. ದ್ರಾವಿಡ ಭಾಷೆಗಳಲ್ಲಿ ಅತ್ಯಂತ ಬೆಳೆದು ನಿಂತವುಗಳಲ್ಲಿ ತುಳುವೂ ಒಂದು ಎಂದು ಆತ ಹೊಗಳಿದ್ದು, ಉಡುಪಿಯಿಂದ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಪಾಡ್ದನ, ಭೂತಕೋಲ ಎಲ್ಲವನ್ನೂ ತಂದ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಬರೆಸಿರುವ ಭಾಷೆಗೆ ಎಂಥ ಅಪಾಯ ಎಂದು ಸಭೆಯಲ್ಲಿ ಯಾರೋ ಕೇಳಿದರು. 'ಎಷ್ಟು ಜನ ಮಾತಾಡ್ತಾರೆ ಅಂತ ಅಲ್ಲ ಸರ್, ಎಷ್ಟು ಮಕ್ಕಳು ಮಾತಾಡ್ತಾರೆ ಅಂತ ಕೇಳಿ' ಎಂದ. ಆ ಮಾತಿಗೆ ನಾನು ಒಂದು ಅಂಕ ಹೆಚ್ಚೇ ಹಾಕಿದೆ.

ಕೊಡವ ತಕ್ಕಿನ ಪರ ಮಾತಾಡಿದವಳು 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಹೊರತಂದ 'ಪಟ್ಟೋಲೆ ಪಳಮೆ'ಯನ್ನು ಎತ್ತಿಕೊಂಡಳು. ಅದೇ ಜನಗಣತಿಯಲ್ಲಿ ಕೊಡವದ ಲೆಕ್ಕ 1.13 ಲಕ್ಷ.

ಮೂರನೆಯವಳದ್ದು ಅಂಡಮಾನಿನ ಬೋ ಭಾಷೆ. ಅದರ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಭಾಷೆಯಲ್ಲಿ ಮಾತಾಡಲು ಯಾರೂ ಉಳಿಯದೆ, ಸುತ್ತಲಿನವರೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರಂತೆ. ಹಕ್ಕಿಗಳ ಜೊತೆಗೆ ಮಾತ್ರ ಬೋ. ಅವರ ಮಾತನ್ನು ದಾಖಲಿಸಿಕೊಂಡ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಇದನ್ನು ಹೇಳಿದ್ದಾರೆ. ಹುಡುಗಿ ಅಷ್ಟು ಹೇಳಿ ನಿಲ್ಲಿಸಿದಾಗ ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಮೊದಲ ಬಹುಮಾನ ಅವಳಿಗೇ. ಉಳಿಸಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ, ಸತ್ತುಹೋದ ಭಾಷೆಗೆ ಬಹುಮಾನ ಕೊಟ್ಟು ಎದ್ದು ಬಂದೆವು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ಕೊರಗ ಭಾಷೆಯ ಹೆಸರನ್ನು ಯಾರೂ ಎತ್ತಲೇ ಇಲ್ಲ. ತುಳುವಿನ ಹುಡುಗನ ಊರಿನ ಆಸುಪಾಸಿನಲ್ಲೇ ಇರುವ ಭಾಷೆ. ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಅದರ ಮೇಲೆ ಪುಸ್ತಕ ಬರೆದಿದ್ದಾರೆ. ಅದನ್ನಾಡುವವರನ್ನು ಊರು ಹೇಗೆ ನಡೆಸಿಕೊಂಡಿತೆಂದರೆ, ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಅಂಥವರ ಮಾತಿಗೆ 'ಸಾಂಸ್ಕೃತಿಕ ಮೌಲ್ಯ' ಇದೆಯೆಂದು ವೇದಿಕೆ ಹತ್ತಿ ಹೇಳುವವರು ಎಲ್ಲಿಂದ ಬರಬೇಕು? ನಾವು ಭಾಷೆಯ ಬೆಲೆ ಎನ್ನುವುದು ಬಹಳ ಸಲ ಅದನ್ನಾಡುವವರಿಗೆ ಕೊಟ್ಟ ಬೆಲೆಯೇ. ಕೊರಗರಲ್ಲಿ ಅನೇಕರು ತಮ್ಮ ಮಾತು ಬಿಟ್ಟು ಹಿಡಿದದ್ದು ಯಾವ ಭಾಷೆಯನ್ನು? ತುಳುವನ್ನು. ತುಳುವಿನ ಮಕ್ಕಳು ಕನ್ನಡಕ್ಕೆ, ಕನ್ನಡದ ಮಕ್ಕಳು ಇಂಗ್ಲಿಷಿಗೆ. ಹಿಂದಿಯ ಮೇಲೆ ಸಿಟ್ಟಾಗುವ ನಾವು ಈ ಸಾಲಿನಲ್ಲಿ ಕನ್ನಡ ನಿಂತಿರುವ ಜಾಗವನ್ನು ನೋಡಿಕೊಳ್ಳುವುದು ಕಡಿಮೆ.

ನಾನಂತೂ ನೋಡಿಕೊಳ್ಳಲೇಬೇಕು. ನನ್ನಮ್ಮ ಕೊಡವತಿ, ಅಪ್ಪ ಮೈಸೂರಿನವರು. ನಮ್ಮ ಮನೆಯಲ್ಲಿ ಕೊಡವ ತಕ್ಕ್ ಆಡಬೇಡ ಎಂದು ಯಾರೂ ಹೇಳಲಿಲ್ಲ. ಅತ್ತೆಯ ಎದುರಿಗೆ ಅವರಿಗೆ ಅರ್ಥವಾಗದ ಮಾತಾಡುವುದು ಸರಿಯಲ್ಲ ಎಂದು ಅಮ್ಮನಿಗೇ ಅನ್ನಿಸಿತು, ಅಷ್ಟೆ. ಚಿಕ್ಕಮ್ಮನ ಫೋನ್ ಬಂದಾಗ ಮಾತ್ರ ಅಡುಗೆಮನೆಯಿಂದ ಬೇರೆಯೇ ಒಬ್ಬ ಹೆಂಗಸಿನ ದನಿ ಕೇಳುತ್ತಿತ್ತು. ಜೋರು ದನಿ, ಜೋರು ನಗು. ಆ ಹೆಂಗಸಿನ ಪರಿಚಯ ನನಗೆ ಸರಿಯಾಗಿ ಆಗಲೇ ಇಲ್ಲ.

ಕೊಡವರಲ್ಲಿ ಅಜ್ಜಿಯನ್ನು 'ತಾಯಿ' ಎನ್ನುತ್ತಾರೆ. ರಜೆಗೆ ಹೋದಾಗ ತಾಯಿ ಆಡಿದ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ, ಕನ್ನಡ ಲಿಪಿಯಲ್ಲಿ. ಸ್ಪರ್ಧೆಯಿಂದ ಬಂದ ರಾತ್ರಿ ಅದನ್ನು ಹುಡುಕಿ ತೆಗೆದೆ. ಕೊಡವದಲ್ಲಿ ಕನ್ನಡಕ್ಕಿಲ್ಲದ ಎರಡು ಸ್ವರಗಳಿವೆ, ಅವಕ್ಕೆ ದೀರ್ಘವೂ ಉಂಟು. ಒಂದನ್ನು ತುಟಿ ದುಂಡಗೆ ಮಾಡದೆ 'ಉ' ಎಂದ ಹಾಗೆ ಹೇಳಬೇಕು; ಇನ್ನೊಂದಕ್ಕೆ ನಾಲಿಗೆಯನ್ನು ಹಿಂದಕ್ಕೆಳೆದು 'ಎ' ಅನ್ನಬೇಕು. ಎಮೆನೋ ಎಂಬ ವಿದ್ವಾಂಸ 1970ರಲ್ಲಿ ಬರೀ ಈ ಭಾಷೆಯ ಸ್ವರಗಳ ಮೇಲೆಯೇ ಒಂದು ಲೇಖನ ಬರೆದ. ಹನ್ನೆರಡು ವರ್ಷದ ನನಗೆ ಅದೆಲ್ಲ ಎಲ್ಲಿ ಗೊತ್ತು? ಕೇಳಿದ್ದನ್ನು ಕನ್ನಡದ ಅಕ್ಷರಕ್ಕೆ ತುಂಬಿಸಿದ್ದೆ. ಒಂದಷ್ಟು 'ಇ' ಆಗಿದೆ, ಒಂದಷ್ಟು 'ಉ' ಆಗಿದೆ. ಯಾವುದು ಏನಾಗಿತ್ತೆಂದು ಈಗ ಹೇಳಲಾರೆ. ತಾಯಿ ಹೋಗಿ ಹದಿನಾಲ್ಕು ವರ್ಷವಾಯಿತು.

ಅಮ್ಮನಿಗೆ ಫೋನ್ ಮಾಡಿ ಒಂದೊಂದೇ ಪದ ಓದಿದೆ. ಮೊದಲು ನಕ್ಕಳು. ಆಮೇಲೆ, 'ಹಾಗಲ್ಲ ಕಣೆ, ಹೀಗೆ' ಎಂದು ಹೇಳಿಕೊಟ್ಟಳು. ನಾನು ಹೇಳಿದೆ. 'ಅಲ್ಲ' ಎಂದು ಮತ್ತೆ ಹೇಳಿದಳು. ಅವಳು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಇರುವ ವ್ಯತ್ಯಾಸ ನನ್ನ ಕಿವಿಗೆ ಕೇಳಿಸಲೇ ಇಲ್ಲ. ಇನ್ನೊಂದು ಸಲ ಹೇಳಮ್ಮ ಎಂದೆ.