ಬೀರುವಿನ ಬೀಗದ ಕೈ

ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಪುಸ್ತಕಗಳೇ ಇಲ್ಲವೆಂದು ಯಾರಾದರೂ ಹೇಳಿದರೆ ಅದು ಪೂರ್ಣ ಸತ್ಯವಲ್ಲ. ಪುಸ್ತಕಗಳಿರುತ್ತವೆ. ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು, ಬೀರುವಿಗೊಂದು ಬೀಗ, ಆ ಬೀಗವನ್ನು ಕಾಯಲು ಒಂದು ದಾಸ್ತಾನು ಪುಸ್ತಕ. ಒಂದು ಪುಸ್ತಕ ಕಳೆದುಹೋದರೆ ಉಪಾಧ್ಯಾಯರು ಲೆಕ್ಕ ಒಪ್ಪಿಸಬೇಕು; ನೂರು ಪುಸ್ತಕಗಳನ್ನು ಯಾರೂ ಓದದಿದ್ದರೆ ಲೆಕ್ಕ ಕೇಳುವವರಿಲ್ಲ. ಹೀಗಿರುವಾಗ ಬೀಗ ತೆಗೆಯದಿರುವುದೇ ವಿವೇಕವೆಂದು ಅನೇಕರಿಗೆ ತೋರಿದರೆ ಅವರನ್ನು ದೂಷಿಸುವುದು ಹೇಗೆ?

ಅರಕಲಗೂಡು ತಾಲ್ಲೂಕಿನ ಅಂಥದೊಂದು ಶಾಲೆಗೆ ಇಂಗ್ಲಿಷು ಕಲಿಸಲು ಬಂದ ಮೇಷ್ಟರು ಚನ್ನರಾಯಪಟ್ಟಣದ ಕಡೆಯವರು. ತೆಂಗಿನ ಸೀಮೆಯಿಂದ ಹೊಗೆಸೊಪ್ಪಿನ ಸೀಮೆಗೆ ಬಂದವರು. ವಾರಕ್ಕೊಮ್ಮೆ ಊರಿಗೆ ಹೋಗಿಬರುವಾಗ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕು. ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಾಯುತ್ತ ಓದಿದಷ್ಟನ್ನು ತಾವು ಕಾಲೇಜಿನಲ್ಲಿಯೂ ಓದಿರಲಿಲ್ಲವೆಂದು ಅವರು ನಗುತ್ತ ಹೇಳುವುದುಂಟು.

ಏಳನೆಯ ತರಗತಿಯಲ್ಲಿ ಅವರು ಕಂಡ ಇಂಗ್ಲಿಷು ಪಾಠದ ರೀತಿ ಎಲ್ಲ ಕಡೆಯೂ ಇರುವಂಥದೇ. ಒಬ್ಬ ಹುಡುಗ ಎದ್ದು ನಿಂತು ಒಂದು ವಾಕ್ಯವನ್ನು ಕೂಗುವನು. ಉಳಿದವರು ಅದನ್ನೇ ರಾಗವಾಗಿ ಕೂಗುವರು. ಪಾಠ ಮುಗಿದ ಮೇಲೆ ಪ್ರಶ್ನೆ, ಪ್ರಶ್ನೆಗೆ ಕರೀಹಲಗೆಯ ಮೇಲೆ ಗೈಡಿನ ಉತ್ತರ. ಅಕ್ಷರ ಕಣ್ಣಿನಿಂದ ಬಾಯಿಗೆ ಬರುತ್ತಿತ್ತು, ಅಷ್ಟೇ; ನಡುವೆ ಮನಸ್ಸಿನ ಬಾಗಿಲು ತಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ. ಹಾಸನದ ತರಬೇತಿಯಲ್ಲಿ ಕೇಳಿದ ಉಪಾಯಗಳನ್ನೆಲ್ಲ ಮೇಷ್ಟರು ಪ್ರಯೋಗಿಸಿದರು. ಮಕ್ಕಳು ಅವುಗಳನ್ನೂ ರಾಗವಾಗಿಯೇ ಹಾಡಿಬಿಟ್ಟರು.

ಒಂದು ದಿನ ಪಠ್ಯಪುಸ್ತಕವನ್ನು ಮುಚ್ಚಿಟ್ಟು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿದರು. ಇಂಗ್ಲಿಷು ಪೀರಿಯಡ್ಡಿನಲ್ಲಿ ಕನ್ನಡ ಪದ್ಯವೆಂದು ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆದರೆ ಇಲಿಗಳು ಬಂದ ಮೇಲೆ ಯಾವ ಭಾಷೆಯೆಂಬುದು ಯಾರಿಗೂ ನೆನಪಿರಲಿಲ್ಲ. ಮರುದಿನ ಮೇಷ್ಟರು ಗುಟ್ಟು ಬಿಟ್ಟರು: ಈ ಜೋಗಿ ತುಂಗೆಯ ದಡಕ್ಕೆ ಬರುವ ಮೊದಲು ಜರ್ಮನಿಯಲ್ಲಿ, ವೇಸರ್ ನದಿಯ ದಡದ ಹ್ಯಾಮೆಲಿನ್ ಎಂಬ ಊರಿನಲ್ಲಿದ್ದ, ಅವನ ಕಥೆಯನ್ನು ರಾಬರ್ಟ್ ಬ್ರೌನಿಂಗ್ ಎಂಬ ಆಂಗ್ಲ ಕವಿ ಪದ್ಯವಾಗಿ ಹಾಡಿ 1842ರಲ್ಲಿ ಅಚ್ಚು ಹಾಕಿಸಿದ, ಅದನ್ನು ಬರೆದದ್ದು ಯಾವ ಪಂಡಿತನಿಗಾಗಿಯೂ ಅಲ್ಲ, ಕಾಯಿಲೆಯಿಂದ ಮಲಗಿದ್ದ ಒಬ್ಬ ನಟನ ಮಗನಿಗಾಗಿ, ಹುಡುಗ ಓದಿಕೊಂಡು ಚಿತ್ರ ಬರೆಯಲಿ ಎಂದು.

ಚಿತ್ರ ಬರೆಯುವುದೆಂದ ಮೇಲೆ ಕೇಳಬೇಕೆ? ಕರೀಹಲಗೆಯ ಮೇಲೆ ದಿನಕ್ಕೆ ಎಂಟು ಹತ್ತು ಸಾಲು ಬ್ರೌನಿಂಗನ ಇಂಗ್ಲಿಷು. ಮಕ್ಕಳ ಕೈಯಲ್ಲಿ ಬಣ್ಣದ ಕಡ್ಡಿ. ಕಥೆ ಮೊದಲೇ ಗೊತ್ತಿದ್ದುದರಿಂದ ಅರ್ಥವಾಗದ ಮಾತಿಗೆ ಅವರು ಹೆದರಲಿಲ್ಲ. ಇಲ್ಲಿ ಇಲಿ ಇರಬೇಕು, ಇಲ್ಲಿ ಹೊಳೆ ಇರಬೇಕೆಂದು ಹುಡುಕಿಕೊಂಡು ಹೋದರು. ಮಾತಿಗೆ ತಪ್ಪಿದ ಮೇಯರನಿಗೆ ಒಬ್ಬ ಹುಡುಗಿ ತನ್ನ ಊರಿನ ಪಟೇಲರ ಮೀಸೆಯನ್ನೇ ಬರೆದಳಂತೆ. ಗುಡ್ಡ ಮುಚ್ಚಿಕೊಂಡ ಮೇಲೆ ಹಿಂದುಳಿದ ಕುಂಟ ಹುಡುಗನ ಸಾಲುಗಳು ಬಂದ ದಿನ ತರಗತಿ ಗಪ್ಪಾಗಿತ್ತು. “ಅವ್ನು ಆಮೇಲೆ ಯಾರ್ ಜೊತೆ ಆಡ್ತಿದ್ದ ಸಾ?” ಎಂದು ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಯಾವ ಗೈಡಿನಲ್ಲಿಯೂ ಅದಕ್ಕೆ ಉತ್ತರವಿಲ್ಲ.

ದೂರು ಬರಲು ತಡವಾಗಲಿಲ್ಲ. “ಇಂಗ್ಲಿಷ್ ಹೇಳ್ಕೊಡಿ ಅಂದ್ರೆ ಇಲಿ ಬರೆಸ್ತಾ ಕೂತಿದ್ದೀರಂತಲ್ಲ ಮೇಷ್ಟ್ರೇ?” ಎಂದು ಒಬ್ಬ ತಂದೆ ಶಾಲೆಯವರೆಗೆ ಬಂದು ಕೇಳಿದರು. ಅವರ ಆತಂಕ ಸುಳ್ಳಲ್ಲ. ಪಾಠಗಳು ಹಿಂದುಳಿದಿದ್ದವು, ಪರೀಕ್ಷೆ ಕಿಂದರಿಜೋಗಿಯನ್ನು ಕೇಳುವುದಿಲ್ಲ. ಇಂಗ್ಲಿಷು ಬಂದರೆ ಮಗ ಹೊಗೆಸೊಪ್ಪಿನ ಸಾಲದಿಂದ ಪಾರಾದಾನೆಂದು ನಂಬಿದ ಮನುಷ್ಯನಿಗೆ ಸಾಹಿತ್ಯದ ಸವಿಯನ್ನು ವಿವರಿಸುವುದು ಸುಲಭವಲ್ಲ. ಮೇಷ್ಟರು ವಿವರಿಸಲೂ ಇಲ್ಲ. ಸಂಜೆ ಒಂದು ಗಂಟೆ ಹೆಚ್ಚು ಕುಳಿತು ಪಾಠಗಳನ್ನು ಮುಗಿಸಿದರು. ಮುಖ್ಯೋಪಾಧ್ಯಾಯರಿಂದ ಬೀಗದ ಕೈಯನ್ನು ತಮ್ಮ ಸಹಿಯ ಮೇಲೆ ಪಡೆದು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಬೀರುವನ್ನು ತೆರೆದಿಟ್ಟರು. ಬೇಕಾದ ಪುಸ್ತಕ ತೆಗೆದುಕೊಳ್ಳಬಹುದು, ಮನೆಗೆ ಒಯ್ಯಬಹುದು, ರುಚಿಸದಿದ್ದರೆ ಅರ್ಧಕ್ಕೇ ಹಿಂದಿರುಗಿಸಬಹುದು, ಪ್ರಶ್ನೆ ಕೇಳುವುದಿಲ್ಲ. ಈ ಕೊನೆಯ ಷರತ್ತನ್ನು ಮಕ್ಕಳು ಬಹಳ ದಿನ ನಂಬಲಿಲ್ಲ.

ಆ ತಂದೆಯ ಮಗನೇ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಒಯ್ದ. ಆರ್. ಕೆ. ನಾರಾಯಣ್ ಅವರ 1935ರ ಈ ಪುಸ್ತಕ ಏಳನೆಯ ತರಗತಿಗೆ ಕಷ್ಟವೆಂಬುದು ಮೇಷ್ಟರಿಗೆ ಗೊತ್ತಿತ್ತು, ಹುಡುಗ ಟಿ.ವಿ.ಯಲ್ಲಿ ಸ್ವಾಮಿಯನ್ನು ಕಂಡಿದ್ದ, ಆದ್ದರಿಂದ ತಡೆಯಲಿಲ್ಲ. (ನಾರಾಯಣ್ ಅವರ ತಂದೆ ಹೆಡ್‌ಮಾಸ್ಟರು; ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿಯೇ ಓದುತ್ತ ಬರೆಯುತ್ತ ಕಳೆದು, 1926ರಲ್ಲಿ ಉತ್ತೀರ್ಣರಾದವರು. ದೂರು ತಂದ ತಂದೆಗೆ ಇದನ್ನು ಹೇಳದಿದ್ದುದು ಒಳ್ಳೆಯದೇ ಆಯಿತು.)

ಮೂರು ಶನಿವಾರ ಪುಸ್ತಕ ಬರಲಿಲ್ಲ. ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ ಸೊಪ್ಪು ತುಂಬಿದರೆ ನಾಲ್ಕೈದು ದಿನ ಹಗಲಿರುಳು ಬೆಂಕಿ ಆರಬಾರದು. ಶಾಖ ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರಾಮನಾಥಪುರದ ಹರಾಜಿನಲ್ಲಿ ಬೆಲೆಯಿಲ್ಲ. ಇಂಥ ದಿನಗಳಲ್ಲಿ ತರಗತಿಯ ಹಿಂದಿನ ಸಾಲುಗಳು ಬರಿದಾಗುವುದು ವಾಡಿಕೆ. ನಾಲ್ಕನೆಯ ಶನಿವಾರ ಹುಡುಗ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದು ನಿಂತ. ಹೊಗೆಯ ವಾಸನೆ, ರಟ್ಟಿನ ಒಂದು ಮೂಲೆ ಸುಟ್ಟು ಕಪ್ಪಾಗಿತ್ತು.

“ಏನೋ ಇದು?”

“ರಾತ್ರಿ ಅಪ್ಪನ್ ಜೊತೆ ಬೆಂಕಿ ಕಾಯ್ತಾ ಓದ್ತಿದ್ದೆ ಸಾ. ಕಿಡಿ ಬಿತ್ತು.”

“ಎಷ್ಟು ಓದಿದೆ?”

“ಒಂದೇ ಪಾಠ. ಸೋಮವಾರ ಸ್ಕೂಲಿಗೋಗಕ್ಕೆ ಅವ್ನಿಗೆ ಇಷ್ಟಾನೇ ಇಲ್ಲ ಸಾ. ಕೆಂಗಣ್ ಬಿಡೋ ಲೆಕ್ಕದ್ ಮೇಷ್ಟ್ರು ಅವ್ರೆ. ಅಪ್ಪಂಗೂ ಹೇಳ್ದೆ, ನಕ್ಬುಟ್ರು. ಆಮೇಲೇನಾಯ್ತು ಅಂತ ದಿನಾ ಕೇಳ್ತಾವ್ರೆ.”

ಮೇಷ್ಟರು ದಾಸ್ತಾನು ಪುಸ್ತಕವನ್ನು ತೆರೆದರು. ಷರಾ ಕಾಲಮ್ಮಿನಲ್ಲಿ ‘ಹಾಳಾಗಿದೆ’ ಎಂದು ಬರೆದರೆ ವಿವರಣೆ ಕೊಡಬೇಕು, ಹಣ ಕಟ್ಟಬೇಕು. ಸ್ವಲ್ಪ ಹೊತ್ತು ಯೋಚಿಸಿ ‘ಓದಲಾಗುತ್ತಿದೆ’ ಎಂದು ಬರೆದು, ಪುಸ್ತಕವನ್ನು ಮತ್ತೆ ಅವನ ಕೈಯಲ್ಲಿಯೇ ಇಟ್ಟರು.